ಕಂಕುಳಲ್ಲಿ ಕೂಸು, ಕೈಯಲ್ಲಿ ಕೆಲಸ

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಈ ತಿಂಗಳ ಪಾಠ)



ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಭಾಗದ ಸಂಘಗಳಿಗೆ ನಾವು ಭೇಟಿ ಕೊಟ್ಟಾಗಲೆಲ್ಲಾ ಒಂದು ಮಾತು ಕೇಳಿಬರುತ್ತದೆ. "ಸಿಸ್ಟರ್, ಕೆಲಸ ಸಿಕ್ಕಿದೆ. ಆದರೆ ಮಗು ಯಾರ ಹತ್ರ ಬಿಡೋದು?" ಸಾಲದ ಕಂತು, ಉಳಿತಾಯ, ಬಡ್ಡಿ ಎಲ್ಲಾ ಚರ್ಚೆಯಾಗುತ್ತದೆ. ಈ ಮಾತು ಮಾತ್ರ ಸಭೆ ಮುಗಿದ ಮೇಲೆ, ಚಪ್ಪಲಿ ಹಾಕಿಕೊಳ್ಳುವಾಗ ಮೆಲ್ಲಗೆ ಬರುತ್ತದೆ. ನಡಾವಳಿ ಪುಸ್ತಕದಲ್ಲಿ ಇದು ಬರೆದದ್ದನ್ನು ನಾವು ಕಂಡಿದ್ದು ಬಹಳ ಕಡಿಮೆ. ಅದಕ್ಕೇ ಈ ತಿಂಗಳ ಪಾಠ ಇದರ ಬಗ್ಗೆ.

ಬೆಳಿಗ್ಗೆ ಗುಬ್ಬಿ ಬಸ್ ನಿಲ್ದಾಣದಲ್ಲೋ ಕುಣಿಗಲ್ ನಿಲ್ದಾಣದಲ್ಲೋ ಒಂದು ಹತ್ತು ನಿಮಿಷ ನಿಂತು ನೋಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ತುಮಕೂರಿಗೆ ಕೆಲಸಕ್ಕೆ ಹೋಗಿಬರುವುದು ಹೆಂಗಸರಿಗೆ ಹಗುರವಾಯಿತು. ಒಬ್ಬರು ಗಾರ್ಮೆಂಟ್ಸಿಗೆ, ಒಬ್ಬರು ಅಂಗಡಿಗೆ, ಒಬ್ಬರು ಕಚೇರಿ ಗುಡಿಸಿ ಒರೆಸುವುದಕ್ಕೆ, ಒಬ್ಬರು ಹುಣಸೆಹಣ್ಣು ಬಿಡಿಸುವುದಕ್ಕೆ ಹೊರಟಿರುತ್ತಾರೆ. ಅವರಲ್ಲಿ ಕೆಲವರ ಕಂಕುಳಲ್ಲಿ ಕೂಸು ಇರುತ್ತದೆ. ಇಡೀ ದಿನ ಆ ಕೂಸು ಎಲ್ಲಿ ಕೂರುತ್ತದೆ, ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ? ಯಾರೂ ಕೇಳುವುದಿಲ್ಲ.

ಮೊದಲು ನಮ್ಮ ತಪ್ಪು

ಬೇರೆಯವರಿಗೆ ಹೇಳುವ ಮುಂಚೆ ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಹಲವು ವರ್ಷಗಳ ಹಿಂದೆ ನಮ್ಮ ಜೊತೆ ಒಬ್ಬ ಪ್ರೇರಕಿ ಇದ್ದರು. ಸಂಘಗಳ ಲೆಕ್ಕ ಬರೆಯುವುದರಲ್ಲಿ ಗಟ್ಟಿ. ಒಂದು ದಿನ ಅವರ ಅತ್ತೆಗೆ ಜ್ವರ ಬಂದು, ಎರಡು ವರ್ಷದ ಮಗಳನ್ನು ಕಚೇರಿಗೇ ಕರೆದುಕೊಂಡು ಬಂದರು. ಮಗು ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಪೆನ್ನು ತಗೊಂಡು ಸಾಲದ ಪುಸ್ತಕದ ಮೇಲೆ ಗೀಚಿತು. ಫೋನ್ ಬಂದಾಗ ಕಿರುಚಿತು. ಸಂಜೆ ನಾವು ಆ ತಾಯಿಯನ್ನು ಕರೆದು, "ಇನ್ನು ಮೇಲೆ ಮಗೂನ ಆಫೀಸಿಗೆ ಕರ್ಕೊಂಡು ಬರಬೇಡಮ್ಮ" ಎಂದೆವು. ಅವರು "ಆಯ್ತು ಸಿಸ್ಟರ್" ಎಂದರು. ಮುಂದಿನ ವಾರ ಎರಡು ದಿನ ರಜೆ. ಅದರ ಮುಂದಿನ ವಾರ ರಾಜೀನಾಮೆ ಪತ್ರ.

ಮಹಿಳೆಯರು ಮುಂದೆ ಬರಬೇಕು ಅಂತ ಊರೂರಿಗೆ ಹೋಗಿ ಪಾಠ ಮಾಡುವವರು ನಾವು. ನಮ್ಮ ಕಚೇರಿಯಲ್ಲೇ ಒಂದು ಚಾಪೆ ಹಾಸುವಷ್ಟು ಜಾಗ ಆ ತಾಯಿಗೆ ಕೊಡಲಿಲ್ಲ. ಆಮೇಲೆ ಅವರ ಮನೆಗೆ ಹೋದೆವು. ಅವರು ನಮ್ಮನ್ನು ದೂರಲಿಲ್ಲ. "ಮಗು ಗಲಾಟೆ ಮಾಡ್ತು ಸಿಸ್ಟರ್, ನೀವೇನು ಮಾಡ್ತೀರಿ?" ಎಂದರು. ಎರಡು ವರ್ಷದ ಮಗುವಿನ ಮೇಲೆ ತಪ್ಪು ಹಾಕಿಕೊಂಡು ಆ ತಾಯಿ ಮನೆಯಲ್ಲಿ ಕೂತಿದ್ದರು. ಆ ಮಾತು ನಮಗೆ ಇವತ್ತಿಗೂ ಚುಚ್ಚುತ್ತದೆ. ಮಕ್ಕಳನ್ನು ಕರೆತಂದವರನ್ನು ಶಿಷ್ಯರು ಗದರಿದಾಗ ಯೇಸು ಸ್ವಾಮಿ ಶಿಷ್ಯರ ಮೇಲೆಯೇ ಬೇಸರ ಮಾಡಿಕೊಂಡು ಮಕ್ಕಳನ್ನು ಹತ್ತಿರ ಕರೆದರು ಎಂದು ನಾವು ಎಷ್ಟು ಸಲ ಓದಿದ್ದೇವೆ! ಆ ದಿನ ನಾವು ಗದರುವ ಶಿಷ್ಯರ ಸಾಲಿನಲ್ಲಿ ನಿಂತಿದ್ದೆವು.

ಇದು ಹೊಸದೇನಲ್ಲ

ತಾಯಿ ಕೆಲಸಕ್ಕೆ ಹೋದಲ್ಲಿಗೆ ಮಗುವೂ ಹೋಗುವುದು ನಮ್ಮ ಸೀಮೆಯಲ್ಲಿ ಮೊದಲಿನಿಂದ ಇದ್ದದ್ದೇ. ಹೊಲದ ಬದುವಿನ ಮರಕ್ಕೆ ಸೀರೆ ಕಟ್ಟಿ ತೊಟ್ಟಿಲು ಮಾಡಿ, ಕಳೆ ಕೀಳುತ್ತಾ ಒಂದು ಕಣ್ಣು ಆ ಕಡೆ ಇಟ್ಟವರು ನಮ್ಮ ಅಜ್ಜಿಯಂದಿರು. ನಮ್ಮ ಗುಬ್ಬಿಯಲ್ಲೇ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ನೆನೆಯಿರಿ. ಗುಬ್ಬಿ ವೀರಣ್ಣನವರು ಚಿಕ್ಕ ಹುಡುಗನಾಗಿದ್ದಾಗಲೇ ಅದನ್ನು ಸೇರಿದವರು. ಕಂಪನಿ ಊರಿಂದ ಊರಿಗೆ ಹೋದಾಗ ಕಲಾವಿದರ ಸಂಸಾರವೂ ಜೊತೆಗೆ ಹೋಗುತ್ತಿತ್ತು. ನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆ ಆ ಕಂಪನಿಗೆ ಬಂದ ಅವರ ಮಗ ಮುತ್ತುರಾಜನೇ ಮುಂದೆ ಡಾ. ರಾಜ್‌ಕುಮಾರ್ ಆದದ್ದು. ಅಪ್ಪ ಅಮ್ಮ ದುಡಿಯುವುದನ್ನು ನೋಡುತ್ತಾ ಬೆಳೆಯುವುದು ಮಗುವಿಗೆ ಕೆಟ್ಟದ್ದೇನಲ್ಲ.

ಹಾಗಾದರೆ ಈಗ ಏನು ತೊಂದರೆ? ಕೆಲಸದ ಜಾಗ ಬದಲಾಗಿದೆ. ಹೊಲದಲ್ಲಿ ಪಕ್ಕದ ಸಾಲಿನಲ್ಲಿ ಅತ್ತಿಗೆ, ನಾದಿನಿ ಇರುತ್ತಿದ್ದರು. ಒಬ್ಬರಲ್ಲ ಒಬ್ಬರು ಕೂಸನ್ನು ಎತ್ತಿಕೊಳ್ಳುತ್ತಿದ್ದರು. ಈಗ ಯಂತ್ರ ಇದೆ, ಕರೆಂಟು ಇದೆ, ಮೇಲ್ವಿಚಾರಕರು ಇದ್ದಾರೆ, ಗಂಟೆಗೆ ಇಷ್ಟು ಪೀಸು ಅನ್ನುವ ಲೆಕ್ಕ ಇದೆ. ಗುಬ್ಬಿ ಕಡೆ ಅಡಿಕೆ ಸುಲಿಯುವ ಮನೆಗಳಲ್ಲಿ ಮೆಟ್ಟುಗತ್ತಿಯ ಪಕ್ಕದಲ್ಲೇ ಅಂಬೆಗಾಲಿಡುವ ಮಗು ಕೂತಿರುವುದನ್ನು ನೋಡಿ ನಮ್ಮ ಎದೆ ಧಸಕ್ಕೆಂದಿದೆ. ಬೇಯಿಸುವ ಹಂಡೆಯೂ ಅಲ್ಲೇ ಇರುತ್ತದೆ.

ಇನ್ನೊಂದನ್ನೂ ಗಮನಿಸಿ. ಅಪ್ಪ ಒಂದು ದಿನ ಮಗುವನ್ನು ಕಚೇರಿಗೆ ಕರೆತಂದರೆ "ಎಷ್ಟು ಒಳ್ಳೆ ಅಪ್ಪ" ಅಂತಾರೆ, ಬಿಸ್ಕತ್ತು ತಂದುಕೊಡ್ತಾರೆ. ಅಮ್ಮ ಕರೆತಂದರೆ "ಇವಳಿಗೆ ಕೆಲಸದ ಮೇಲೆ ಗಮನ ಇಲ್ಲ" ಅಂತಾರೆ. ಮಗು ಇಬ್ಬರದೂ ಅಲ್ಲವೇ?

2018ರಲ್ಲಿ ಉತ್ತರ ಪ್ರದೇಶದ ಝಾನ್ಸಿಯ ಠಾಣೆಯೊಂದರಲ್ಲಿ ಮಹಿಳಾ ಪೊಲೀಸ್ ಪೇದೆಯೊಬ್ಬರು ಮೇಜಿನ ಮೇಲೆ ಆರು ತಿಂಗಳ ಕೂಸನ್ನು ಮಲಗಿಸಿಕೊಂಡು ಕೆಲಸ ಮಾಡುತ್ತಿದ್ದ ಫೋಟೋ ದೇಶವೆಲ್ಲಾ ಹರಡಿತು. ಮೇಲಧಿಕಾರಿಗಳು ಅವರನ್ನು ತವರಿನ ಹತ್ತಿರದ ಊರಿಗೆ ವರ್ಗ ಮಾಡಿದರು. ಅದೇ ವರ್ಷ ನ್ಯೂಜಿಲೆಂಡಿನ ಪ್ರಧಾನಿ ಜಸಿಂಡಾ ಆರ್ಡರ್ನ್ ತಮ್ಮ ಮೂರು ತಿಂಗಳ ಮಗುವಿನ ಜೊತೆ ವಿಶ್ವಸಂಸ್ಥೆಯ ಸಭೆಗೆ ಬಂದರು. ಪ್ರಧಾನಿಯಾದರೂ ಪೇದೆಯಾದರೂ ಕೂಸು ಕೇಳುವುದು ಒಂದೇ. ಆದರೆ ಪ್ರಧಾನಿ ಸಭೆಯಲ್ಲಿ ಮಾತಾಡುವಾಗ ಮಗುವನ್ನು ಎತ್ತಿಕೊಳ್ಳಲು ಅದರ ಅಪ್ಪ ಪಕ್ಕದಲ್ಲೇ ಇದ್ದರು. ಪೇದೆಗೆ ಇದ್ದದ್ದು ಮೇಜು ಮಾತ್ರ.

ಒಂದು ದಿನದ ಮಟ್ಟಿಗೆ ಕರೆದೊಯ್ಯುವಾಗ

ಅತ್ತೆಗೆ ಹುಷಾರಿಲ್ಲ, ಅಂಗನವಾಡಿಗೆ ರಜೆ, ಬೇರೆ ದಾರಿಯೇ ಇಲ್ಲ. ಇಂಥ ದಿನ ಎಲ್ಲರಿಗೂ ಬರುತ್ತದೆ. ಆಗ ಈ ಸಂಗತಿಗಳನ್ನು ನೆನಪಿಡಿ.

1. ಹಿಂದಿನ ದಿನವೇ ಅಥವಾ ಬೆಳಿಗ್ಗೆಯೇ ತಿಳಿಸಿ. ಹೇಳದೆ ಹೋಗಿ ಬಾಗಿಲಲ್ಲಿ ನಿಲ್ಲಬೇಡಿ. "ಈ ಒಂದು ದಿನ, ಇಷ್ಟು ಹೊತ್ತು" ಅಂತ ಸ್ಪಷ್ಟವಾಗಿ ಕೇಳಿದರೆ ಒಪ್ಪುವವರು ಹೆಚ್ಚು.

2. ಜಾಗ ನೋಡಿ ತೀರ್ಮಾನ ಮಾಡಿ. ಕಚೇರಿ, ಅಂಗಡಿ, ಹೊಲಿಗೆ ಕೇಂದ್ರದ ಒಂದು ಮೂಲೆ ಆಗಬಹುದು. ಯಂತ್ರ ಓಡುವ ಕಡೆ, ಒಲೆ ಉರಿಯುವ ಕಡೆ, ರಾಸಾಯನಿಕ ಇರುವ ಕಡೆ, ಕಟ್ಟಡ ಏಳುತ್ತಿರುವ ಕಡೆ, ನೀರಿನ ತೊಟ್ಟಿ ಬಾಯಿ ತೆರೆದಿರುವ ಕಡೆ ಖಂಡಿತಾ ಬೇಡ. ಅಂಥ ದಿನ ಕೂಲಿ ಹೋದರೂ ಪರವಾಗಿಲ್ಲ.

3. ಮಗುವಿನ ಎತ್ತರಕ್ಕೆ ಕೂತು ಒಮ್ಮೆ ಸುತ್ತ ನೋಡಿ. ಪಿನ್ನು, ಗುಂಡಿ, ನಾಣ್ಯ, ಗಡಿಯಾರದ ಸಣ್ಣ ಬ್ಯಾಟರಿ, ತೂಗುವ ವೈರು, ಬಿಸಿ ಚಹಾ ಆಗ ಕಣ್ಣಿಗೆ ಬೀಳುತ್ತವೆ. ಪುಟ್ಟ ಮಗುವಿಗೆ ಸುಮ್ಮನಿರಲಿ ಅಂತ ಕಡಲೇಕಾಯಿ ಬೀಜ, ಹುರಿಗಡಲೆ ಕೊಡಬೇಡಿ. ಗಂಟಲಿಗೆ ಸಿಕ್ಕಿದರೆ ಉಸಿರು ಕಟ್ಟುತ್ತದೆ.

4. ಊಟ, ನೀರು, ಬಟ್ಟೆ ಮನೆಯಿಂದಲೇ ಒಯ್ಯಿರಿ. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು. ಮಗುವನ್ನು ಮನೆಯಲ್ಲೇ ಬಿಟ್ಟು ಹೋಗುವವರು ಕೈಯಿಂದ ಹಾಲು ಹಿಂಡಿ, ಕುದಿಸಿ ತೊಳೆದ ಪಾತ್ರೆಯಲ್ಲಿ ಮುಚ್ಚಿ, ತಂಪಾದ ನೆರಳಲ್ಲಿ ಇಟ್ಟರೆ ನಾಲ್ಕು ಗಂಟೆಯೊಳಗೆ ಕುಡಿಸಬಹುದು. ಬಾಟಲಿಗಿಂತ ಲೋಟ, ಚಮಚ ಶುಚಿ.

5. ಜ್ವರ, ಭೇದಿ, ಮೈಮೇಲೆ ಗುಳ್ಳೆ ಇರುವ ಮಗುವನ್ನು ಕರೆದೊಯ್ಯಬೇಡಿ. ಆ ದಿನ ಮಗುವಿಗೆ ಬೇಕಾದದ್ದು ಮನೆ ಮತ್ತು ಆಸ್ಪತ್ರೆ.

6. "ಹೊರಗೆ ಆಟ ಆಡಿಸ್ತೀನಿ ಕೊಡಿ" ಅಂದವರ ಕೈಗೆಲ್ಲಾ ಮಗುವನ್ನು ಕೊಡಬೇಡಿ. ಮಗು ಯಾವಾಗಲೂ ನಿಮ್ಮ ಅಥವಾ ನಿಮಗೆ ಪೂರಾ ನಂಬಿಕೆ ಇರುವ ಹೆಂಗಸಿನ ಕಣ್ಣೆದುರು ಇರಬೇಕು. ಮಕ್ಕಳಿಗೆ ತೊಂದರೆ ಅನ್ನಿಸಿದರೆ 1098ಕ್ಕೆ ಕರೆ ಮಾಡಬಹುದು.

7. ಮೊಬೈಲ್ ಕೊಟ್ಟು ಇಡೀ ದಿನ ಕೂರಿಸಬೇಡಿ. ಒಂದು ಸ್ಲೇಟು, ಎರಡು ಖಾಲಿ ಡಬ್ಬ, ಒಂದು ಬಟ್ಟೆಯ ಚೆಂಡು ಸಾಕು.

8. ಮಗು ಜೊತೆಗೆ ಬಂದಿರುವುದು ಕೆಲಸಕ್ಕಲ್ಲ. "ಇದೊಂದು ಎತ್ತಿಕೊಡು, ಅದೊಂದು ಬಿಡಿಸು" ಅಂತ ಶುರುವಾದದ್ದು ದುಡಿಮೆಯಾಗಿಬಿಡುತ್ತದೆ. 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದು ಕಾನೂನಿನಲ್ಲಿ ಅಪರಾಧ.

ದೊಡ್ಡ ಮಗಳನ್ನು ಶಾಲೆ ಬಿಡಿಸಬೇಡಿ

ಕುಣಿಗಲ್ ಭಾಗದ ಒಂದು ಸಂಘದಲ್ಲಿ ಒಬ್ಬ ಸದಸ್ಯೆ ತಪ್ಪದೆ ಕಂತು ಕಟ್ಟುತ್ತಿದ್ದರು. ಎಲ್ಲರೂ ಹೊಗಳುತ್ತಿದ್ದರು. ಒಂದು ದಿನ ಮಧ್ಯಾಹ್ನ ಅವರ ಮನೆಗೆ ಹೋದರೆ ಐದನೇ ತರಗತಿಯ ಮಗಳು ಒಂದು ವರ್ಷದ ತಮ್ಮನನ್ನು ಸೊಂಟದ ಮೇಲೆ ಇಟ್ಟುಕೊಂಡು ನಿಂತಿದ್ದಳು. "ಶಾಲೆ?" ಎಂದೆವು. "ಅಮ್ಮ ಕೆಲಸಕ್ಕೆ ಹೋದ ದಿನ ನಾನು ಹೋಗಲ್ಲ" ಎಂದಳು. ಅಂದರೆ ಆ ಕಂತನ್ನು ಕಟ್ಟುತ್ತಿದ್ದವಳು ಆ ಹುಡುಗಿ. ನಮ್ಮ ಯಾವ ಪುಸ್ತಕದಲ್ಲೂ ಅದು ಬರೆದಿರಲಿಲ್ಲ.

ಸಹೋದರಿಯರೇ, ಮಗುವನ್ನು ನೋಡಿಕೊಳ್ಳುವ ಭಾರ ಯಾರೂ ಹೊರದಿದ್ದರೆ ಅದು ಮನೆಯ ಅತಿ ಬಲಹೀನ ಹೆಣ್ಣಿನ ಸೊಂಟಕ್ಕೆ ಜಾರುತ್ತದೆ. ಒಂದೋ ಅಜ್ಜಿ, ಇಲ್ಲವೇ ದೊಡ್ಡ ಮಗಳು. 6ರಿಂದ 14 ವರ್ಷದ ಪ್ರತಿ ಮಗುವೂ ಶಾಲೆಯಲ್ಲಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಚಿಕ್ಕ ಕೂಸನ್ನು ಒಂದು ದಿನ ಕೆಲಸದ ಜಾಗಕ್ಕೆ ಕರೆದೊಯ್ದರೂ ಸರಿ, ದೊಡ್ಡವಳನ್ನು ಶಾಲೆ ಬಿಡಿಸಬೇಡಿ.

ದಿನದಿನದ ಮಾತಾದರೆ ಕಾನೂನು ಏನು ಹೇಳುತ್ತದೆ?

ಕರೆದೊಯ್ಯುವುದು ಒಂದು ದಿನದ ಉಪಾಯ. ದಿನಾ ಅದೇ ಆದರೆ ಮಗುವೂ ಸೊರಗುತ್ತದೆ, ತಾಯಿಯೂ ಸೊರಗುತ್ತಾಳೆ. ದಿನಕ್ಕೆ ಬೇಕಾದದ್ದು ಶಿಶುಪಾಲನಾ ಕೇಂದ್ರ, ಅಂದರೆ ಕ್ರೆಶ್. ಇದು ಯಾರೋ ಕೊಡುವ ಧರ್ಮವಲ್ಲ.

ಕಾರ್ಖಾನೆಗಳಲ್ಲಿ: 1948ರ ಕಾರ್ಖಾನೆ ಕಾಯ್ದೆಯಲ್ಲೇ ಆರು ವರ್ಷದೊಳಗಿನ ಮಕ್ಕಳಿಗೆ ಕ್ರೆಶ್ ಇರಬೇಕೆಂಬ ನಿಯಮ ಇತ್ತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದು, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಕ್ರೆಶ್ ಕಡ್ಡಾಯವಾಯಿತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ 50 ನೌಕರರ ನಿಯಮವೇ ಇದೆ. 50 ಅಂದರೆ ಗಂಡಸರು, ಹೆಂಗಸರು ಎಲ್ಲರೂ ಸೇರಿದ ಲೆಕ್ಕ. ತಾಯಿ ದಿನಕ್ಕೆ ನಾಲ್ಕು ಸಲ ಕ್ರೆಶ್‌ಗೆ ಹೋಗಿ ಮಗುವನ್ನು ನೋಡಿ ಬರಲು ಬಿಡಬೇಕು. ವಿಶ್ರಾಂತಿಯ ಸಮಯವೂ ಈ ನಾಲ್ಕರಲ್ಲೇ ಸೇರಿದೆ. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಬೇರೆ ಇದೆ. ತುಮಕೂರಿನ ಅಂತರಸನಹಳ್ಳಿ, ವಸಂತನರಸಾಪುರ, ಕುಣಿಗಲ್ಲಿನ ಅಂಚೇಪಾಳ್ಯದಂಥ ಕೈಗಾರಿಕಾ ಪ್ರದೇಶಗಳಿಗೆ ಕೆಲಸಕ್ಕೆ ಹೋಗುವವರು ಇದನ್ನು ತಿಳಿದಿರಬೇಕು. ಸಂಶಯ ಬಂದರೆ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ.

ಊರಿನಲ್ಲಿ: 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತು ಇತ್ತು. ಕೆಲಸದ ಸ್ಥಳಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ, ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಅವಳಿಗೂ ಅದೇ ಕೂಲಿ ಕೊಡಬೇಕು. ಮಗು ನೋಡಿಕೊಳ್ಳುವುದೂ ಮಣ್ಣು ಹೊರುವಷ್ಟೇ ಕೆಲಸ ಅಂತ ಸರ್ಕಾರ ಬರಹದಲ್ಲಿ ಒಪ್ಪಿಕೊಂಡಿತ್ತು ನೋಡಿ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಬದಲಿಗೆ ಹೊಸ ಕಾಯ್ದೆಯನ್ನು ಒಪ್ಪಿದೆ. ಆದ್ದರಿಂದ ಈಗಿನ ನಿಯಮ ಏನೆಂದು ಪಂಚಾಯ್ತಿಯಲ್ಲೇ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.

ಕೂಸಿನ ಮನೆ: ನಮ್ಮ ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯ್ತಿಗಳಿಗೆ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಆರೈಕೆಗೆ ನೇಮಿಸುವುದು ಇದರ ಕ್ರಮ. ನಿಮ್ಮ ಪಂಚಾಯ್ತಿಯಲ್ಲಿ ಇದೆಯೇ? ಇದ್ದರೆ ಬಾಗಿಲು ಎಷ್ಟು ಗಂಟೆಗೆ ತೆಗೆಯುತ್ತದೆ? ಹೋಗಿ ನೋಡಿ ಬನ್ನಿ.

ಅಂಗನವಾಡಿ: 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದ ಯೋಜನೆ ಇದು. ಆದರೆ ಮೂರು ವರ್ಷ ತುಂಬದ ಕೂಸನ್ನು ದಿನವಿಡೀ ಬಿಟ್ಟುಹೋಗಲು ಅಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ಈ ಕೊರತೆ ತುಂಬಲು ಕೇಂದ್ರ ಸರ್ಕಾರದ 'ಪಾಲನಾ' ಯೋಜನೆಯಲ್ಲಿ ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿ ಜೊತೆಗೇ ಕ್ರೆಶ್ ನಡೆಸುವ ಅವಕಾಶ ಇದೆ. ಇದರ ಬಗ್ಗೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಅರ್ಜಿ ಕೊಡಬಹುದು.

ಸರ್ಕಾರಿ ನೌಕರಿಯಲ್ಲಿರುವ ಹೆಂಗಸರಿಗೆ ರಾಜ್ಯ ಸರ್ಕಾರ 2021ರಲ್ಲಿ ಇಡೀ ಸೇವೆಗೆ ಒಟ್ಟು 180 ದಿನದ ಶಿಶುಪಾಲನಾ ರಜೆ ಕೊಟ್ಟಿತು. ದಿನಗೂಲಿಯ ತಾಯಿಗೆ ಆ ರಜೆ ಇಲ್ಲ. ಅವಳಿಗೆ ಇರುವುದು ಸಂಘ.

ಸಂಘ ಏನು ಮಾಡಬಹುದು?

1969ರಲ್ಲಿ ದೆಹಲಿಯಲ್ಲಿ ಗಾಂಧಿ ಶತಮಾನೋತ್ಸವಕ್ಕಾಗಿ ಕಟ್ಟಡದ ಕೆಲಸ ನಡೆಯುತ್ತಿದ್ದ ಜಾಗದಲ್ಲಿ ಕೂಲಿ ತಾಯಂದಿರ ಮಕ್ಕಳು ಧೂಳಿನಲ್ಲಿ ಬಿದ್ದಿರುವುದನ್ನು ಮೀರಾ ಮಹಾದೇವನ್ ಎಂಬ ಹೆಣ್ಣುಮಗಳು ನೋಡಿದರು. ಅಲ್ಲೇ ಒಂದು ಗುಡಾರದಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಶುರುಮಾಡಿದರು. ಅದೇ ಮುಂದೆ 'ಮೊಬೈಲ್ ಕ್ರೆಶಸ್' ಎಂಬ ಸಂಸ್ಥೆಯಾಯಿತು. ದೊಡ್ಡ ಕಟ್ಟಡ ಬೇಕಾಗಲಿಲ್ಲ. ನೋಡುವ ಕಣ್ಣು, ನೆರಳು ಮತ್ತು ನಂಬುವ ಒಬ್ಬರು ಇದ್ದರೆ ಶುರುವಾಗುತ್ತದೆ.

ನಮ್ಮ ಭಾಗದ ಒಂದು ಸಂಘದವರು ಸರದಿ ಕ್ರಮ ಮಾಡಿದರು. ನಾಲ್ವರು ತಾಯಂದಿರು, ಐದು ಮಕ್ಕಳು. ದಿನಕ್ಕೆ ಒಬ್ಬರು ಮನೆಯಲ್ಲಿ ಉಳಿದು ಮಕ್ಕಳನ್ನು ನೋಡಿಕೊಳ್ಳುವುದು, ಮೂವರು ಕೆಲಸಕ್ಕೆ ಹೋಗುವುದು. ಉಳಿದವರಿಗೆ ಮೂವರೂ ತಮ್ಮ ಕೂಲಿಯಿಂದ ಒಂದು ಭಾಗ ಕೊಡುವುದು. ಲೆಕ್ಕ ಹೀಗೆ: ದಿನಗೂಲಿ 400 ರೂಪಾಯಿ ಅಂದುಕೊಳ್ಳಿ. ಮೂವರೂ ತಲಾ 100 ಕೊಟ್ಟರೆ ಮನೆಯಲ್ಲಿದ್ದವರಿಗೆ 300, ಹೋದವರಿಗೂ 300. ನಾಲ್ವರಿಗೂ ಸಮ. ಮೊದಲು ನಾಲ್ಕರಲ್ಲಿ ಇಬ್ಬರು ಕೂಲಿಯನ್ನೇ ಕಾಣುತ್ತಿರಲಿಲ್ಲ.

ಎಲ್ಲಾ ಸುಗಮವಾಗಿ ನಡೆಯಿತು ಅಂತ ನಾವು ಹೇಳುವುದಿಲ್ಲ. "ನಿನ್ನ ಮಗ ನನ್ನ ಮಗಳನ್ನು ಕಚ್ಚಿದ", "ನನ್ನ ಮಗೂಗೆ ಊಟ ಸರಿಯಾಗಿ ಕೊಡಲಿಲ್ಲ" ಅಂತ ಜಗಳ ಬಂತು. ಒಬ್ಬರು ಎರಡೇ ವಾರಕ್ಕೆ ಬಿಟ್ಟರು. ಆಗ ಸಂಘದಲ್ಲಿ ಕೂತು ನಿಯಮ ಬರೆದರು. ಮಗುವಿನ ಊಟ ತಾಯಿಯೇ ಕಟ್ಟಿಕೊಡಬೇಕು. ಹುಷಾರಿಲ್ಲದ ಮಗುವನ್ನು ಬಿಡಬಾರದು. ಯಾರೂ ಮಕ್ಕಳನ್ನು ಹೊಡೆಯಬಾರದು. ಬಿಟ್ಟ ಹೊತ್ತು, ಕರೆದುಕೊಂಡು ಹೋದ ಹೊತ್ತು ಬರೆಯಬೇಕು. ತಾಯಿಯ ಫೋನ್ ನಂಬರು ಗೋಡೆಗೆ ಅಂಟಿಸಿರಬೇಕು. ನಿಯಮ ಬರೆದ ಮೇಲೆ ಜಗಳ ಕಡಿಮೆಯಾಯಿತು. ಬಿಟ್ಟುಹೋದವರೂ ಮರಳಿ ಬಂದರು.

ಅಪ್ಪಂದಿರನ್ನೂ ಬಿಡಬೇಡಿ. ವಾರದಲ್ಲಿ ಅವರಿಗೆ ರಜೆ ಇರುವ ದಿನ, ಪಾಳಿ ಇಲ್ಲದ ಹೊತ್ತು ಮಗುವನ್ನು ಅವರೇ ನೋಡಿಕೊಳ್ಳಲಿ. ಅದು ಹೆಂಡತಿಗೆ ಮಾಡುವ ಸಹಾಯ ಅಲ್ಲ, ತನ್ನ ಮಗುವಿಗೆ ಮಾಡುವ ಕೆಲಸ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ಆರು ವರ್ಷದೊಳಗಿನ ಮಕ್ಕಳು ಎಷ್ಟು? ತಾಯಿ ದುಡಿಯಲು ಹೋದಾಗ ಪ್ರತಿಯೊಂದು ಮಗುವೂ ಎಲ್ಲಿರುತ್ತದೆ?
2. ಮಗು ನೋಡಿಕೊಳ್ಳಲು ಶಾಲೆ ತಪ್ಪಿಸುವ ಮಕ್ಕಳು ಯಾರ ಮನೆಯಲ್ಲಿದ್ದಾರೆ? (ಬೈಯದೆ, ನಗದೆ ಕೇಳಿ.)
3. ನಮ್ಮ ಸದಸ್ಯೆಯರು ಹೋಗುವ ಕಾರ್ಖಾನೆ, ಕಚೇರಿಗಳಲ್ಲಿ 50 ನೌಕರರಿದ್ದಾರೆಯೇ? ಕ್ರೆಶ್ ಇದೆಯೇ?
4. ಪಂಚಾಯ್ತಿಯಲ್ಲಿ ಕೂಸಿನ ಮನೆ ನಡೆಯುತ್ತಿದೆಯೇ?

ಈ ತಿಂಗಳ ಕೆಲಸ

ಮೊದಲ ಪ್ರಶ್ನೆಯ ಉತ್ತರವನ್ನು ಪಟ್ಟಿ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಎಲ್ಲರೂ ಸಹಿ ಹಾಕಿ. ಆ ಪಟ್ಟಿಯ ಪ್ರತಿಯೊಂದಿಗೆ ಮುಂದಿನ ಗ್ರಾಮಸಭೆಗೆ ಹೋಗಿ ಕೇಳಿ. ನಗರದವರು ಅಂಗನವಾಡಿ ಮೇಲ್ವಿಚಾರಕಿಯರನ್ನು ಕಂಡು ಮಾತಾಡಿ. ಅತ್ತರೆ ತಾನೇ ತಾಯಿಯೂ ಹಾಲು ಕೊಡುವುದು? ಒಬ್ಬರೇ ಹೋಗಿ ಕೇಳಿದರೆ ಅದು ನಿಮ್ಮ ಮನೆಯ ಕಷ್ಟ. ಇಪ್ಪತ್ತು ಜನ ಪಟ್ಟಿ ಹಿಡಿದು ಹೋದರೆ ಅದು ಊರಿನ ಕೆಲಸ.

ನಮ್ಮ ಕಚೇರಿಯಲ್ಲಿ ಈಗ ಒಂದು ಮೂಲೆ ಇದೆ. ಒಂದು ಚಾಪೆ, ತೊಟ್ಟಿಲ ಬಟ್ಟೆ, ನೀರಿನ ಹೂಜಿ, ಸ್ಲೇಟು. ಪುಸ್ತಕಗಳನ್ನು ಮೇಲಿನ ಹಲಗೆಗೆ ಏರಿಸಿದ್ದೇವೆ. ಅಷ್ಟು ಮಾಡಲು ಅರ್ಧ ದಿನವೂ ಹಿಡಿಯಲಿಲ್ಲ. ಆ ಪ್ರೇರಕಿ ಮತ್ತೆ ಕೆಲಸಕ್ಕೆ ಬರಲಿಲ್ಲ. ಅವರ ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಕಚೇರಿಗೆ ಬರುವಾಗ ಮಗುವನ್ನು ಎಲ್ಲಿ ಬಿಡಲಿ ಅಂತ ನೀವು ಯಾರೂ ಚಿಂತೆ ಮಾಡಬೇಡಿ. ಜೊತೆಗೆ ಕರೆದುಕೊಂಡು ಬನ್ನಿ.

ದೇವರು ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಹರಸಲಿ.